ಹ್ಯಾಮ್‌ಸ್ಟರ್‌ಗೆ ಯಾವ ಮನೆ? ಪಂಜರ, ಗಾಜಿನ ತೊಟ್ಟಿ, ಪ್ಲಾಸ್ಟಿಕ್ ಡಬ್ಬ, ಮರದ ಪೆಟ್ಟಿಗೆ: ತೂಗಿ ನೋಡೋಣ

ಹ್ಯಾಮ್‌ಸ್ಟರ್ ಸಾಕಲು ಹೊರಟವರು ಮೊದಲು ವಿಚಾರಿಸುವುದು ಯಾವ ಜಾತಿ, ಯಾವ ಬಣ್ಣ ಎಂದು. ಪ್ರಾಣಿ ಮನೆಗೆ ಬಂದು ಹತ್ತು ಹದಿನೈದು ದಿನ ಕಳೆದ ಮೇಲೆ ಅವರೇ ಬೇರೆ ಪ್ರಶ್ನೆ ಹಿಡಿದು ಬರುತ್ತಾರೆ. ‘ರಾತ್ರಿಯೆಲ್ಲ ಕಂಬಿ ಕಡಿಯುತ್ತದೆ. ಪಂಜರ ಬಿಟ್ಟು ಗಾಜಿನ ತೊಟ್ಟಿ ತರಲೇ? ದೊಡ್ಡ ಪ್ಲಾಸ್ಟಿಕ್ ಡಬ್ಬವಾದರೆ ಸಾಕೇ? ಮರದಲ್ಲಿ ಮಾಡಿಸಿದರೆ ಹೇಗೆ?’ ಈ ಬರಹ ಅವರಿಗಾಗಿ. ಇನ್ನೂ ಪ್ರಾಣಿಯನ್ನು ತಂದಿಲ್ಲದವರು ಈಗಲೇ ಓದಿದರೆ ಎರಡು ಸಲ ದುಡ್ಡು ಖರ್ಚು ಮಾಡುವುದು ತಪ್ಪುತ್ತದೆ.

ನಾನು ಎರಡು ಸಲ ಖರ್ಚು ಮಾಡಿದವನು. ನಾನು ಸಾಕಿದ ಮೊದಲ ಹ್ಯಾಮ್‌ಸ್ಟರ್ ಹೊಂಬಣ್ಣದ ಸಿರಿಯನ್ ಗಂಡು, ಹೆಸರು ಹೊನ್ನ. ಅವನಿಗೆಂದು ಎರಡು ಅಂತಸ್ತಿನ, ಏಣಿಯಿರುವ, ನೋಡಲು ಚೆಂದದ ಕಂಬಿಯ ಪಂಜರ ತಂದಿದ್ದೆ. ಮೂರನೆಯ ರಾತ್ರಿಯಿಂದ ಶುರುವಾಯಿತು. ಎಡ ಮೂಲೆಯ ಅದೇ ಎರಡು ಕಂಬಿಗಳ ನಡುವೆ ಮೂತಿಯಿಟ್ಟು, ಮುಂಗಾಲುಗಳಿಂದ ಹಿಡಿದು, ಕಟಕಟ ಕಟಕಟ ಎಂದು ಬೆಳಗಿನವರೆಗೆ ಕಡಿಯುತ್ತಿದ್ದ. ಹಲ್ಲು ಸವೆಸಲು ಏನಾದರೂ ಬೇಕಿರಬೇಕೆಂದು ಮರದ ತುಂಡು ಕೊಟ್ಟೆ. ಅದನ್ನು ಮೂಸಿ ನೋಡಿ ಮತ್ತೆ ಅದೇ ಮೂಲೆಗೆ ಹೋದ. ತಿಂಗಳಾಗುವಷ್ಟರಲ್ಲಿ ಮೂಗಿನ ಮೇಲಿನ ಕೂದಲು ಉದುರಿ, ಕಾಳಿನಷ್ಟು ಜಾಗ ಕೆಂಪಗೆ ಕಾಣುತ್ತಿತ್ತು. ಅವನಿಗೆ ಬೇಕಿದ್ದುದು ಕಡಿಯುವ ವಸ್ತುವಲ್ಲ, ತೋಡುವ ಜಾಗ ಎಂಬುದು ನನಗೆ ಹೊಳೆಯಲು ಆ ಕೆಂಪು ಕಲೆ ಬೇಕಾಯಿತು.

ಅಳೆಯುವ ಮುಂಚೆ, ಇದು ಎಂಥ ಪ್ರಾಣಿ?

1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞ ಸಿರಿಯಾದ ಅಲೆಪ್ಪೋ ಬಳಿಯ ಹೊಲವೊಂದರಲ್ಲಿ ಆಳವಾಗಿ ಅಗೆಸಿ, ಬಿಲದೊಳಗಿಂದ ಒಂದು ತಾಯಿ ಮತ್ತು ಹನ್ನೊಂದು ಮರಿಗಳನ್ನು ಹೊರತೆಗೆಸಿದ. ಇಂದು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದೇ ಸಂಸಾರದಿಂದ ಬಂದವು. ಅದೇ ಪ್ರದೇಶದಲ್ಲಿ ಬಹಳ ವರ್ಷಗಳ ನಂತರ ಕಾಡು ಹ್ಯಾಮ್‌ಸ್ಟರ್‌ಗಳ ಬಿಲಗಳನ್ನು ಅಳೆದಾಗ ಸರಾಸರಿ ಆಳ ಸುಮಾರು 65 ಸೆಂಟಿಮೀಟರ್ ಇತ್ತು; ಕೆಲವು ಒಂದು ಮೀಟರನ್ನೂ ದಾಟಿದ್ದವು. ಅಂಗೈಯಲ್ಲಿ ಕೂರುವ ಪ್ರಾಣಿ ತನ್ನ ಉದ್ದದ ನಾಲ್ಕೈದು ಪಟ್ಟು ಆಳಕ್ಕೆ ಮಣ್ಣು ತೋಡಿ, ಒಂದು ಕೋಣೆಯಲ್ಲಿ ಮಲಗಿ, ಇನ್ನೊಂದರಲ್ಲಿ ಕಾಳು ಕೂಡಿಟ್ಟು, ಮತ್ತೊಂದನ್ನು ಮೂತ್ರಕ್ಕೆ ಬಿಡುತ್ತದೆ. ನೆಲದ ಮೇಲೆ ಅದು ಕಳೆಯುವ ಹೊತ್ತು ಕಡಿಮೆ. ಕಣ್ಣು ಮಂದ, ಮೂಗು ಮತ್ತು ಮೀಸೆಯೇ ದಾರಿ ತೋರುವವು. ಬೆಳೆದ ಮೇಲೆ ಒಂಟಿಯಾಗಿಯೇ ಬದುಕುವ ಜೀವಿ.

ಈ ಕಡೆಯ ಮಾತನ್ನು ಇಲ್ಲೇ ಖಚಿತಪಡಿಸಿಬಿಡುತ್ತೇನೆ. ‘ದೊಡ್ಡ ಮನೆ ಮಾಡಿದರೆ ಎರಡನ್ನು ಇಡಬಹುದಲ್ಲ’ ಎಂದು ಕೇಳುವವರಿದ್ದಾರೆ. ಸಿರಿಯನ್ ಜಾತಿಯಲ್ಲಿ ಎಷ್ಟು ದೊಡ್ಡ ಮನೆಯಾದರೂ ಇಲ್ಲ. ಎಂಟು ವಾರ ದಾಟಿದ ಮೇಲೆ ಒಡಹುಟ್ಟಿದವೇ ಸಾಯುವವರೆಗೆ ಕಚ್ಚಾಡುತ್ತವೆ. ಕುಬ್ಜ ಜಾತಿಗಳು ಕೆಲವು ಕಾಲ ಜೊತೆಯಾಗಿ ಇದ್ದಂತೆ ಕಂಡರೂ ಒಂದು ರಾತ್ರಿ ಜಗಳ ಬಿದ್ದರೆ ಬೇರೆ ಮನೆ ಬೇಕೇ ಬೇಕು. ಆದ್ದರಿಂದ ಮುಂದಿನ ಲೆಕ್ಕವೆಲ್ಲ ಒಂದು ಮನೆಗೆ ಒಂದು ಪ್ರಾಣಿ ಎಂಬುದರ ಮೇಲೆ.

ಯಾವ ಅಳತೆಗೋಲು ಹಿಡಿಯಬೇಕು?

ಮೊದಲನೆಯದು ನೆಲ. ಜರ್ಮನಿಯ ಪಶುವೈದ್ಯರ ಪ್ರಾಣಿಕಲ್ಯಾಣ ಸಂಘ ಹೇಳುವ ಕನಿಷ್ಠ ಅಳತೆ 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರ. ನಾನೂ ಅದನ್ನೇ ಹಿಡಿಯುತ್ತೇನೆ. ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಅಂತಸ್ತುಗಳನ್ನು ಕೂಡಿಸಿ ನೆಲದ ಲೆಕ್ಕ ಹೇಳುವುದು ಒಂದು. ಹ್ಯಾಮ್‌ಸ್ಟರ್‌ಗೆ ಬೇಕಾದುದು ಒಂದೇ ಸಮನಾದ ನೆಲ, ಮಹಡಿಯಲ್ಲ. ಡಬ್ಬದ ಬಾಯಿಯ ಅಳತೆಯನ್ನೇ ತಳದ ಅಳತೆಯೆಂದು ನಂಬುವುದು ಇನ್ನೊಂದು. ಬಹುತೇಕ ಪ್ಲಾಸ್ಟಿಕ್ ಡಬ್ಬಗಳು ಕೆಳಗೆ ಹೋದಂತೆ ಕಿರಿದಾಗುತ್ತವೆ. ಅಳತೆ ಟೇಪನ್ನು ಒಳಗೆ ಇಳಿಬಿಟ್ಟು ತಳವನ್ನು ಅಳೆಯಿರಿ.

ಎರಡನೆಯದು ಆಳ. ನನ್ನ ಮಟ್ಟಿಗೆ ಇದೇ ಮುಖ್ಯ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 2006ರಲ್ಲಿ ಪ್ರಕಟವಾದ, ಸ್ವಿಟ್ಜರ್‌ಲೆಂಡಿನ ಬರ್ನ್‌ನ ಸಂಶೋಧಕರ ಅಧ್ಯಯನವೊಂದು ಸಿರಿಯನ್ ಹ್ಯಾಮ್‌ಸ್ಟರ್‌ಗಳನ್ನು ಮೂರು ಆಳದ ಹಾಸಿನಲ್ಲಿ (ತೋಡಲೆಂದು ತಳಕ್ಕೆ ತುಂಬುವ ಮರದ ಸಿಪ್ಪೆ, ಕಾಗದದಂತಹ ಪದರದಲ್ಲಿ) ಇಟ್ಟು ನೋಡಿತು: 10 ಸೆಂಟಿಮೀಟರ್, 40 ಸೆಂಟಿಮೀಟರ್, 80 ಸೆಂಟಿಮೀಟರ್. ಹತ್ತರಲ್ಲಿದ್ದವು ಕಂಬಿ ಕಡಿದವು, ಒಳಗಿಟ್ಟ ಓಟದ ಚಕ್ರದಲ್ಲೂ ಉಳಿದವುಗಳಿಗಿಂತ ಹೆಚ್ಚು ಓಡಿದವು. ಎಂಬತ್ತರಲ್ಲಿದ್ದವು ಕಂಬಿ ಕಡಿದದ್ದೇ ಕಾಣಲಿಲ್ಲ. ಇದೇ ಊರಿನ ತಂಡ ಮರುವರ್ಷ ಪಂಜರದ ಗಾತ್ರವನ್ನಷ್ಟೇ ಬದಲಿಸಿ ನೋಡಿದಾಗ, 10,000 ಚದರ ಸೆಂಟಿಮೀಟರಿನ ಪಂಜರದಲ್ಲೂ ಕಡಿಯುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮನೆಯನ್ನು ಆರಿಸುವ ದಾರಿ ಸ್ಪಷ್ಟವಾಗುತ್ತದೆ. ನೆಲ ಬೇಕು, ನಿಜ. ಆದರೆ ಆಳವಿಲ್ಲದ ನೆಲ ಅರ್ಧ ಮನೆ.

ಮನೆಯಲ್ಲಿ ಎಂಬತ್ತು ಸೆಂಟಿಮೀಟರ್ ತುಂಬಿಸುವುದು ಹೆಚ್ಚಿನವರಿಗೆ ಆಗದ ಮಾತು. ಒಂದು ಬದಿಯಲ್ಲಿ 25ರಿಂದ 30 ಸೆಂಟಿಮೀಟರ್, ಇನ್ನೊಂದು ಬದಿಗೆ ಇಳಿಜಾರಾಗಿ ಹತ್ತು ಹನ್ನೆರಡು ಎಂದು ಇಟ್ಟುಕೊಳ್ಳಿ. ಈಗ ಎತ್ತರದ ಲೆಕ್ಕ ಮಾಡಿ. ಸಿರಿಯನ್‌ಗೆ 28 ಸೆಂಟಿಮೀಟರ್ ವ್ಯಾಸದ ಚಕ್ರ ಬೇಕು. ಕಾಲುಗಳ ಸಮೇತ ಅದು 30 ಸೆಂಟಿಮೀಟರ್ ನಿಲ್ಲುತ್ತದೆ. ಹನ್ನೆರಡು ಸೆಂಟಿಮೀಟರ್ ಹಾಸಿನ ಮಟ್ಟದಲ್ಲಿ ಅದನ್ನು ನಿಲ್ಲಿಸಿದರೆ 42 ಆಯಿತು. ಐವತ್ತರ ಪೆಟ್ಟಿಗೆಯಲ್ಲಿ ಎಂಟು ಉಳಿಯಿತು. ಮೂವತ್ತೈದು ಎತ್ತರದ ಪೆಟ್ಟಿಗೆಯಲ್ಲಿ ಚಕ್ರಕ್ಕೂ ಹಾಸಿಗೂ ಜಗಳ ಬೀಳುತ್ತದೆ, ಸೋಲುವುದು ಯಾವಾಗಲೂ ಹಾಸು.

ಮೂರನೆಯದು ಗಾಳಿ ಮತ್ತು ಶಾಖ. ಮೂತ್ರದಿಂದ ಏಳುವ ಅಮೋನಿಯಾ ನಮ್ಮ ಮೂಗಿಗೆ ತಟ್ಟುವ ಮುಂಚೆಯೇ ನೆಲಕ್ಕೆ ಮೂತಿ ಹಚ್ಚಿ ಬದುಕುವ ಪ್ರಾಣಿಯ ಶ್ವಾಸಕೋಶವನ್ನು ಕೆರಳಿಸುತ್ತದೆ. ಬಿಸಿಲನ್ನೂ ಅದು ತಾಳದು: ಕೋಣೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಾಯಾಗಿರುತ್ತದೆ, 30 ದಾಟಿದರೆ ಅಪಾಯ.

ನಾಲ್ಕನೆಯದು ತಪ್ಪಿಸಿಕೊಳ್ಳಲಾಗದಂತಹ ಭದ್ರತೆ. ತಲೆ ನುಸುಳಿದ ಕಡೆ ಮೈಯೂ ನುಸುಳುತ್ತದೆ. ಕಂಬಿಗಳ ನಡುವಿನ ಸಂದು ಸಿರಿಯನ್‌ಗೆ 1 ಸೆಂಟಿಮೀಟರ್, ಕುಬ್ಜ ಜಾತಿಗಳಿಗೆ 7 ಮಿಲಿಮೀಟರ್ ಮೀರದಿರಲಿ.

ಐದನೆಯದನ್ನು ಯಾರೂ ಕೇಳುವುದಿಲ್ಲ, ಆದರೆ ಪ್ರತಿದಿನ ಅನುಭವಿಸುತ್ತಾರೆ: ನಿಮ್ಮ ಕೈ ಎಲ್ಲಿಂದ ಒಳಗೆ ಹೋಗುತ್ತದೆ? ಮೇಲಿನಿಂದ ಇಳಿಯುವ ಕೈ ಹ್ಯಾಮ್‌ಸ್ಟರ್‌ಗೆ ಎರಗುವ ಹದ್ದು. ಎದುರಿನಿಂದ, ನೆಲದ ಮಟ್ಟದಲ್ಲಿ ಬರುವ ಅಂಗೈಯನ್ನು ಅದು ಬೇಗ ನಂಬುತ್ತದೆ. ಪೆಟ್ಟಿಗೆಯ ತೂಕವೂ ಇದರ ಜೊತೆಗೇ ಬರುತ್ತದೆ, ಏಕೆಂದರೆ ಸ್ವಚ್ಛ ಮಾಡುವುದು ನೀವೇ.

ಕಂಬಿಯ ಪಂಜರ

ಗಾಳಿಯಾಡುವ ವಿಷಯದಲ್ಲಿ ಇದನ್ನು ಮೀರಿಸುವುದು ಬೇರೆ ಇಲ್ಲ. ಹಗುರ, ಬಿಚ್ಚಿ ಜೋಡಿಸಬಹುದು, ಪಕ್ಕದಿಂದ ಬಾಗಿಲು ತೆರೆಯುತ್ತದೆ, ಸೆಖೆಯ ಕೋಣೆಗೆ ಒಪ್ಪುತ್ತದೆ. ನೀರಿನ ಬಾಟಲಿಯನ್ನು ಸಿಕ್ಕಿಸುವುದೂ ಸುಲಭ. ಹ್ಯಾಮ್‌ಸ್ಟರ್ ಪಂಜರ ಎಂದು ಕೇಳಿದರೆ ಮೊದಲು ಎತ್ತಿ ಕೊಡುವುದು ಇದನ್ನೇ.

ತೊಂದರೆಯಿರುವುದು ಕೆಳಗಿನ ತಟ್ಟೆಯಲ್ಲಿ. ಸಾಮಾನ್ಯವಾಗಿ ಹತ್ತರಿಂದ ಹದಿನೈದು ಸೆಂಟಿಮೀಟರ್ ಆಳ. ಅಂದರೆ ಬರ್ನ್‌ನ ಅಧ್ಯಯನದಲ್ಲಿ ಕಂಬಿ ಕಡಿದ ಗುಂಪಿನ ಆಳವೇ ನಿಮ್ಮ ಪಂಜರದ ಆಳ, ಕಡಿಯಲು ಕಂಬಿಯೂ ಕಣ್ಣೆದುರಿಗೇ ಇದೆ. ಎರಡನೆಯ ತೊಂದರೆ ಹತ್ತುವುದು. ಹ್ಯಾಮ್‌ಸ್ಟರ್ ಕಂಬಿ ಹಿಡಿದು ಚೆನ್ನಾಗಿ ಹತ್ತುತ್ತದೆ; ಇಳಿಯಲು ಬರುವುದಿಲ್ಲ. ಎತ್ತರದ ಅಂದಾಜಿಲ್ಲದೆ ಕೈಬಿಟ್ಟುಬಿಡುತ್ತದೆ. ಕಾಲು ಮುರಿದುಕೊಳ್ಳುವುದು ಹೀಗೆಯೇ.

ಈಗಾಗಲೇ ದೊಡ್ಡ ತಳದ ಪಂಜರ ತಂದಿಟ್ಟುಕೊಂಡವರು ಅದನ್ನು ಎಸೆಯಬೇಕಿಲ್ಲ. ಒಳಗಿನ ನಾಲ್ಕೂ ಬದಿಗೆ 30 ಸೆಂಟಿಮೀಟರ್ ಎತ್ತರದ ಅಕ್ರಿಲಿಕ್ ಹಾಳೆಗಳನ್ನು ನಿಲ್ಲಿಸಿ ಕಂಬಿಗೆ ಕಟ್ಟಿದರೆ, ಹಾಸನ್ನು ಅಷ್ಟು ಎತ್ತರ ತುಂಬಬಹುದು. ಹಾಳೆಯ ಮೇಲಂಚು ಹಲ್ಲಿಗೆ ಸಿಗದಂತೆ ಕಂಬಿಗೆ ಒತ್ತಿಕೊಂಡಿರಲಿ. ಮಹಡಿಗಳನ್ನು ಕಿತ್ತುಹಾಕಿ. ಪಂಜರದ ತಳವೇ 60 ಸೆಂಟಿಮೀಟರಿಗಿಂತ ಚಿಕ್ಕದಾದರೆ ಈ ಉಪಾಯ ಮಾಡಿಯೂ ಪ್ರಯೋಜನವಿಲ್ಲ. ಪಶುವೈದ್ಯರ ಬಳಿಗೆ ಒಯ್ಯಲು ಅದನ್ನು ಇಟ್ಟುಕೊಳ್ಳಿ.

ಬಣ್ಣಬಣ್ಣದ ಪ್ಲಾಸ್ಟಿಕ್ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿದ ಮನೆಗಳೂ ಇವೆ. ಮಕ್ಕಳ ಕಣ್ಣಿಗೆ ಅವು ಮೊದಲು ಬೀಳುತ್ತವೆ. ಕೊಳವೆಯೊಳಗೆ ಗಾಳಿಯಾಡದು, ಉಸಿರಿನ ತೇವ ನಿಲ್ಲುತ್ತದೆ, ಕೆನ್ನೆಚೀಲ ತುಂಬಿಕೊಂಡ ದೊಡ್ಡ ಸಿರಿಯನ್ ನಡುವೆ ಸಿಕ್ಕಿಕೊಳ್ಳಬಹುದು, ತೊಳೆಯಲು ಪ್ರತಿಸಲ ಎಲ್ಲವನ್ನೂ ಕಳಚಬೇಕು. ಯಾವ ಬಜೆಟ್ಟಿಗೂ ನಾನು ಇದನ್ನು ಹೇಳುವುದಿಲ್ಲ.

ಗಾಜಿನ ತೊಟ್ಟಿ

ಹೊನ್ನ ತನ್ನ ಎರಡನೆಯ ವರ್ಷವನ್ನು ಕಳೆದದ್ದು ಗಾಜಿನ ತೊಟ್ಟಿಯಲ್ಲಿ. ಮೊದಲ ವಾರದಲ್ಲೇ ಎಡಗಡೆಯ ಗಾಜಿಗೆ ಅಂಟಿಕೊಂಡಂತೆ ಒಂದು ಸುರಂಗ ಕಾಣಿಸಿತು. ಕೆಳಗೆ ಮುಷ್ಟಿಯಷ್ಟು ಅಗಲದ ಕೋಣೆ. ಹರಿದ ಕಾಗದದ ಚೂರುಗಳನ್ನು ಬಾಯಲ್ಲಿ ತಂದು, ಮುಂಗಾಲಿನಿಂದ ಒಂದೊಂದಾಗಿ ಗೋಡೆಗೆ ಒತ್ತಿ, ಮಧ್ಯೆ ಗುಂಡಗೆ ಸುತ್ತಿ ಮಲಗುತ್ತಿದ್ದ. ಅವನು ಮಲಗಿದ್ದಾಗ ಪಕ್ಕೆಯ ಕೂದಲು ಗಾಜಿಗೆ ಒತ್ತಿ, ಉಸಿರಿಗೆ ಏರಿಳಿಯುವುದು ಕಾಣುತ್ತಿತ್ತು. ಪಂಜರದಲ್ಲಿದ್ದ ಹನ್ನೊಂದು ತಿಂಗಳಲ್ಲಿ ಅಷ್ಟು ನಿಶ್ಚಿಂತೆಯಿಂದ ಅವನು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಕಂಬಿಯ ಕಟಕಟವಂತೂ ನಿಂತೇಹೋಯಿತು, ಮೂಗಿನ ಕೂದಲು ತಿಂಗಳೊಳಗೆ ಮತ್ತೆ ಬೆಳೆಯಿತು.

ಗಾಜಿನ ಗುಣ ಇದು: ಕಡಿಯಲು ಏನೂ ಸಿಗದು, ಹತ್ತಲು ಬಾರದು, ಎಷ್ಟು ಆಳ ಬೇಕಾದರೂ ತುಂಬಬಹುದು, ಮೂತ್ರ ಹೀರುವುದಿಲ್ಲ, ಒಳಗಿನ ಬದುಕು ಕಣ್ಣಿಗೆ ಕಾಣುತ್ತದೆ. ಮೀನು ಸಾಕುವವರು ಸೋರುತ್ತದೆಂದು ಬಿಟ್ಟ ತೊಟ್ಟಿ ಸಿಕ್ಕಿದರೆ ಖರ್ಚೂ ಬಹಳ ಇಳಿಯುತ್ತದೆ, ಏಕೆಂದರೆ ನಮಗೆ ನೀರು ನಿಲ್ಲಬೇಕಿಲ್ಲ. ಸೀಳು ಬಿಟ್ಟ ಗಾಜು ಮಾತ್ರ ಬೇಡ. ಅಂಟು ಸಡಿಲವಾಗಿ ಸೋರುವುದಾದರೆ ಸಿಲಿಕೋನ್ ಹಚ್ಚಿ ಪೂರ್ತಿ ಒಣಗಿಸಿ ಬಳಸಬಹುದು.

ಬೆಲೆ ತೆರುವುದು ತೂಕದಲ್ಲಿ. ಆರು ಮಿಲಿಮೀಟರ್ ದಪ್ಪದ ಗಾಜಿನಲ್ಲಿ 100×50×50ರ ತೊಟ್ಟಿ ಮಾಡಿಸಿದರೆ ಬರಿದೇ ಸುಮಾರು 30 ಕೆಜಿ ತೂಗುತ್ತದೆ. ಹಾಸು ತುಂಬಿದ ಮೇಲೆ ಒಬ್ಬರೇ ಅಲುಗಿಸಲಾಗದು. ಇಡುವ ಜಾಗವನ್ನು ಮೊದಲೇ ತೀರ್ಮಾನಿಸಿ, ಸಮತಟ್ಟಾದ ಗಟ್ಟಿ ಮೇಜಿನ ಮೇಲೆ ಇಡಬೇಕು. ಎರಡನೆಯದು ಶಾಖ. ಕಿಟಕಿಯ ಬಿಸಿಲು ಒಂದು ಗಂಟೆ ಗಾಜಿನ ಮೇಲೆ ಬಿದ್ದರೆ ಒಳಗೆ ಕುಲುಮೆಯಾಗುತ್ತದೆ, ಪ್ರಾಣಿಗೆ ಓಡಿಹೋಗಲು ದಾರಿಯಿಲ್ಲ. ಗಾಳಿ ಮೇಲಿನಿಂದ ಮಾತ್ರ, ಆದ್ದರಿಂದ ಮುಚ್ಚಳ ಪೂರ್ತಿ ಜಾಲರಿಯಾಗಿರಬೇಕು, ಅದರ ಮೇಲೆ ಪುಸ್ತಕವನ್ನೋ ಬಟ್ಟೆಯನ್ನೋ ಹೇರಬಾರದು. ಮೂರನೆಯದು ಕೈ ಮೇಲಿನಿಂದಲೇ ಇಳಿಯಬೇಕಾದದ್ದು. ನಾನು ಒಂದು ಚಿಕ್ಕ ಮರದ ಡಬ್ಬಿಯನ್ನು ಒಳಗಿಟ್ಟು, ಹೊನ್ನ ತಾನಾಗಿ ಅದರೊಳಗೆ ಬಂದಾಗ ಡಬ್ಬಿ ಸಮೇತ ಎತ್ತುವುದನ್ನು ರೂಢಿ ಮಾಡಿಕೊಂಡೆ. ಬರಿಗೈಯಿಂದ ಹಿಡಿಯಲು ಬೆನ್ನಟ್ಟುವುದಕ್ಕಿಂತ ಅದು ಎಷ್ಟೋ ವಾಸಿ.

ಮೀನಿನ ತೊಟ್ಟಿಗಳು ಹೆಚ್ಚಾಗಿ ಉದ್ದವಿದ್ದು ಅಗಲ ಕಡಿಮೆ ಇರುತ್ತವೆ. ಮೂವತ್ತು ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 28ರ ಚಕ್ರ ಇಟ್ಟರೆ ಪಕ್ಕದಲ್ಲಿ ನಡೆಯಲು ದಾರಿ ಉಳಿಯುತ್ತದೆಯೇ ನೋಡಿಕೊಳ್ಳಿ. ಬದಿಗೆ ಗಾಳಿಸಂದು, ಎದುರಿಗೆ ಜಾರುಬಾಗಿಲು ಇರುವ, ಹಲ್ಲಿ ಹಾವುಗಳಿಗೆಂದು ಮಾಡಿದ ಗಾಜಿನ ಮನೆಗಳು ಸಿಕ್ಕರೆ ಗಾಳಿ ಮತ್ತು ಕೈ ಎರಡರ ದೂರೂ ತೀರುತ್ತದೆ. ಬಾಗಿಲಿನ ಕೆಳಗಿನ ತಡೆ ಎಷ್ಟು ಎತ್ತರವಿದೆ ಎಂದು ನೋಡಿಯೇ ಕೊಳ್ಳಿ. ಅದು ಹದಿನೈದಿದ್ದರೆ ಹಾಸೂ ಹದಿನೈದಕ್ಕೇ ನಿಲ್ಲುತ್ತದೆ.

ಪ್ಲಾಸ್ಟಿಕ್ ಡಬ್ಬ

ಹೊದಿಕೆ, ಆಟಿಕೆ ತುಂಬಿಡುವ ದೊಡ್ಡ ಮುಚ್ಚಳದ ಡಬ್ಬ. ಕೈ ಬಿಗಿಯಿರುವವರಿಗೆ ನಾನು ಹಿಂಜರಿಯದೆ ಹೇಳುವುದು ಇದನ್ನು. ಅಂಗಡಿಯ ಚಿಕ್ಕ ಪಂಜರಕ್ಕಿಂತ ಕಡಿಮೆ ದುಡ್ಡಿನಲ್ಲಿ, ಅದಕ್ಕಿಂತ ಒಳ್ಳೆಯ ಮನೆ ಆಗುತ್ತದೆ. ಹಗುರ, ತೊಳೆಯಲು ಸುಲಭ, ಒಡೆಯುವುದಿಲ್ಲ, ಆಳ ಸಿಗುತ್ತದೆ.

ಮುಚ್ಚಳದ ಅಂಚಿನಿಂದ ನಾಲ್ಕೈದು ಸೆಂಟಿಮೀಟರ್ ಬಿಟ್ಟು ನಡುವಿನ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆಯಿರಿ. ಆರು ಮಿಲಿಮೀಟರ್ ಕಣ್ಣಿನ, ಬೆಸುಗೆ ಹಾಕಿದ ತಂತಿ ಜಾಲರಿಯನ್ನು ಹೊರಬದಿಯಿಂದ ಇಟ್ಟು, ವಾಷರ್ ಹಾಕಿದ ಬೋಲ್ಟುಗಳಿಂದ ಬಿಗಿಯಿರಿ. ಅಂಟು ನಂಬಬೇಡಿ, ಕೆಲವು ತಿಂಗಳಲ್ಲಿ ಬಿಡುತ್ತದೆ, ಬಿಡುವುದು ಮಧ್ಯರಾತ್ರಿ. ಕತ್ತರಿಸಿದ ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ. ಒಂದು ಉದ್ದಬದಿಯಲ್ಲಿ, ಹಾಸಿನ ಮಟ್ಟಕ್ಕಿಂತ ಮೇಲೆ, ಇನ್ನೊಂದು ಜಾಲರಿ ಕಿಟಕಿ ಇಟ್ಟರೆ ಗಾಳಿ ಹಾಯುತ್ತದೆ. ಇಷ್ಟು ಮಾಡಲು ಅರ್ಧ ದಿನ ಸಾಕು. ಮಾಡಿದ ಮೇಲೆ ಒಳಗೆ ಕೈಯಾಡಿಸಿ ನೋಡಿ. ಗೋಡೆ ನುಣ್ಣಗಿದ್ದರೆ ಹಲ್ಲು ಜಾರುತ್ತದೆ. ಒಳಗೆ ಚಾಚಿದ ಏಣು, ಕತ್ತರಿಸಿದ ಕಿಟಕಿಯ ಅಂಚು ಸಿಕ್ಕರೆ ಅಲ್ಲಿಂದಲೇ ಕಡಿಯಲು ಶುರುಮಾಡುತ್ತದೆ. ಅಂಥ ಅಂಚಿಗೆ ಲೋಹದ ಪಟ್ಟಿ ಹೊದಿಸಿ.

ಈ ಡಬ್ಬದ ಮಿತಿ ನೆಲ. ಐದು ಸಾವಿರ ಚದರ ಸೆಂಟಿಮೀಟರ್ ತಳವಿರುವ ಡಬ್ಬ ಸಿಗುವುದು ಕಷ್ಟ. ಎರಡು ಡಬ್ಬಗಳನ್ನು ಕೊಳವೆಯಿಂದ ಕೂಡಿಸುವವರಿದ್ದಾರೆ. ಏನೂ ಇಲ್ಲದ್ದಕ್ಕಿಂತ ಒಳ್ಳೆಯದು, ಆದರೂ ಅದು ಎರಡು ಕೋಣೆ, ಒಂದು ಮೈದಾನವಲ್ಲ. ‘ಕುಬ್ಜ ಜಾತಿಯಲ್ಲವೇ, ಚಿಕ್ಕ ಡಬ್ಬ ಸಾಕು’ ಎಂಬ ವಾದವನ್ನೂ ನಾನು ಒಪ್ಪುವುದಿಲ್ಲ. ಕುಬ್ಜ ಜಾತಿಗಳಲ್ಲೊಂದಾದ ರೊಬೊರೊವ್ಸ್ಕಿ ತೂಗುವುದು ಇಪ್ಪತ್ತೈದು ಗ್ರಾಂ ಆಸುಪಾಸು, ಓಡುವುದರಲ್ಲಿ ಎಲ್ಲ ಜಾತಿಗಳಿಗಿಂತ ಮುಂದು. ಕುಬ್ಜ ಜಾತಿಯಿಂದ ಉಳಿತಾಯವಾಗುವುದು ಎತ್ತರದಲ್ಲಿ, ಏಕೆಂದರೆ ಅದಕ್ಕೆ 20 ಸೆಂಟಿಮೀಟರ್ ಚಕ್ರ ಸಾಕು. ನೆಲದಲ್ಲಿ ಉಳಿತಾಯ ಮಾಡಬೇಡಿ.

ಮರದ ಮನೆ

ಜಾಗಕ್ಕೆ ತಕ್ಕ ಅಳತೆ ಬೇಕೆಂದರೆ ಮರವೇ. ಹಳೆಯ ಪುಸ್ತಕದ ಕಪಾಟನ್ನು ಬೆನ್ನ ಮೇಲೆ ಮಲಗಿಸಿ, ನಡುವಿನ ಹಲಗೆಗಳನ್ನು ತೆಗೆದು, ಮೇಲೆ ಜಾಲರಿ ಮುಚ್ಚಳ ಹಾಕಿದರೆ ಒಂದೂವರೆ ಮೀಟರ್ ಉದ್ದದ ಅರಮನೆಯಾಗುತ್ತದೆ. ಕಪಾಟಿನ ಆಳವೇ ಈಗ ಮನೆಯ ಎತ್ತರವಾಗುವುದರಿಂದ, 30 ಸೆಂಟಿಮೀಟರಿನ ಕಪಾಟು ಸಾಲದು, ಸುತ್ತ ಹಲಗೆ ಏರಿಸಬೇಕು ಎಂಬುದು ನೆನಪಿರಲಿ. ಮರ ಶಾಖವನ್ನು ಬೇಗ ಒಳಬಿಡುವುದಿಲ್ಲ, ಚಳಿಯನ್ನೂ ಅಷ್ಟೇ. ಒಳಗೆ ಕತ್ತಲಿರುವುದರಿಂದ ಅಂಜುಬುರುಕ ಪ್ರಾಣಿಗಳು ಬೇಗ ಒಗ್ಗಿಕೊಳ್ಳುತ್ತವೆ. ಎದುರು ಬಾಗಿಲು ಇಡಬಹುದು; ಇಟ್ಟರೆ ಅದರ ಕೆಳಗೆ 30 ಸೆಂಟಿಮೀಟರ್ ಎತ್ತರದ ಸ್ಥಿರ ಹಲಗೆಯೋ ಗಾಜೋ ಇರಬೇಕು, ಇಲ್ಲದಿದ್ದರೆ ಬಾಗಿಲು ತೆರೆದ ಕೂಡಲೇ ಸುರಂಗಗಳ ಸಮೇತ ಹಾಸು ನಿಮ್ಮ ಕಾಲ ಮೇಲೆ.

ಮರಕ್ಕೆ ಎರಡು ಶತ್ರು, ಮೂತ್ರ ಮತ್ತು ಹಲ್ಲು. ಅಹರೋನಿ ತಂದ ಆ ಮೊದಲ ಮರಿಗಳಲ್ಲೇ ಕೆಲವು ತಮ್ಮ ಗೂಡಿನ ಮರದ ತಳವನ್ನು ಕಡಿದು ತಪ್ಪಿಸಿಕೊಂಡು ಸತ್ತವು. ಬರಿ ಮರ ಒಳಗೆ ಕಾಣದಂತೆ ನೋಡಿಕೊಳ್ಳುವುದೇ ಇದಕ್ಕೆ ಉತ್ತರ. ಪ್ರಾಣಿಗೆ ಅಪಾಯವಿಲ್ಲದ, ನೀರು ಬೆರೆಸುವ ಬಗೆಯ ವಾರ್ನಿಷ್‌ನ್ನು ಎರಡು ಮೂರು ಸಲ ಬಳಿದು, ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ. ಮೂಲೆಗಳಿಗೆ ಲೋಹದ ಪಟ್ಟಿ, ತಳಕ್ಕೆ ತೊಳೆಯಬಹುದಾದ ಹಾಳೆ. ಪುಡಿಮರ ಒತ್ತಿ ಮಾಡಿದ ಹಲಗೆ ಒದ್ದೆಯಾದರೆ ಉಬ್ಬುತ್ತದೆ, ಪ್ಲೈವುಡ್ ತಾಳುತ್ತದೆ. ಬಡಗಿ ಕೆಲಸ ಸ್ವಲ್ಪವೂ ಗೊತ್ತಿಲ್ಲದವರಿಗೆ ಮಾಡಿಸುವ ಕೂಲಿ ಸೇರಿ ಇದೇ ಎಲ್ಲಕ್ಕಿಂತ ದುಬಾರಿ. ಉಪಕರಣ ಹಿಡಿಯಬಲ್ಲವರಿಗೆ ಗಾಜಿಗಿಂತ ಅಗ್ಗ.

ಒಳಗೆ ತುಂಬುವುದರ ಖರ್ಚು

ಮನೆಯ ಬೆಲೆಯನ್ನೇ ನೋಡಿ ಕೊಂಡವರಿಗೆ ಹಾಸಿನ ಲೆಕ್ಕ ಆಮೇಲೆ ತಿಳಿಯುತ್ತದೆ. 100×50ರ ನೆಲಕ್ಕೆ 25 ಸೆಂಟಿಮೀಟರ್ ತುಂಬಲು 125 ಲೀಟರ್ ಹಾಸು ಬೇಕು. ಮೊದಲ ಸಲ ಇದು ಹೊರೆಯೇ. ಆದರೆ ತೆಳುಹಾಸಿನ ಪಂಜರವನ್ನು ವಾರವಾರ ಬದಲಿಸಿದಂತೆ ಇದನ್ನು ಬದಲಿಸಬೇಕಿಲ್ಲ, ಬದಲಿಸಲೂಬಾರದು. ಹ್ಯಾಮ್‌ಸ್ಟರ್ ಒಂದೆರಡು ಮೂಲೆಗಳಲ್ಲೇ ಮೂತ್ರ ಮಾಡುತ್ತದೆ. ಒದ್ದೆಯಾದದ್ದನ್ನು ಮಾತ್ರ ದಿನ ಬಿಟ್ಟು ದಿನ ತೆಗೆದು, ಒಂದೆರಡು ತಿಂಗಳಿಗೊಮ್ಮೆ ಮೂರರಲ್ಲಿ ಒಂದು ಪಾಲು ಹೊಸದು ಹಾಕಿದರೆ ಸಾಕು. ಎಲ್ಲವನ್ನೂ ಒಮ್ಮೆಗೇ ಎಸೆದರೆ ಅದರ ವಾಸನೆಯ ಗುರುತುಗಳೂ ಹೋಗುತ್ತವೆ, ಅದಕ್ಕೆ ಅದು ಪರರ ಮನೆ.

ಕಾಗದದ ಹಾಸು ಮೃದು, ದೂಳು ಕಡಿಮೆ, ಸುರಂಗವನ್ನು ಚೆನ್ನಾಗಿ ಹಿಡಿದಿಡುತ್ತದೆ, ಬೆಲೆ ಹೆಚ್ಚು. ಮರದ ತೆಳುಸಿಪ್ಪೆ ಅಗ್ಗ, ವಾಸನೆಯನ್ನು ಚೆನ್ನಾಗಿ ಹೀರುತ್ತದೆ, ಒಂದೇ ಆದರೆ ಸುರಂಗ ಕುಸಿಯುತ್ತದೆ. ಸೆಣಬಿನ ಜಾತಿಯ ನಾರುಗಿಡದ ಒರಟು ಹಾಸು ದೂಳಿಲ್ಲದ್ದು, ಬಿಲ ತೋಡಲು ಒರಟು. ಸಿಪ್ಪೆಯ ನಡುನಡುವೆ ಒಣಹುಲ್ಲನ್ನು ಪದರವಾಗಿ ಹಾಕಿ ಅಂಗೈಯಿಂದ ಒತ್ತುತ್ತ ಹೋದರೆ ಅಗ್ಗದ ಹಾಸಿನಲ್ಲೂ ಸುರಂಗ ನಿಲ್ಲುತ್ತದೆ. ನಾನು ಈಗ ಮಾಡುವುದು ಇದೇ. ದೇವದಾರಿನಂತಹ ಗಾಢ ಪರಿಮಳದ ಮರದ ಸಿಪ್ಪೆ ಬೇಡ, ಅದರ ಎಣ್ಣೆಯ ಅಂಶ ಉಸಿರಿಗೆ ಕೆಟ್ಟದ್ದು. ಹತ್ತಿಯಂತೆ ಎಳೆಯೆಳೆಯಾಗಿ ಬರುವ ‘ಗೂಡಿನ ನಾರು’ ಯಾರು ಹೊಗಳಿ ಕೊಟ್ಟರೂ ಬೇಡ. ಎಳೆ ಕಾಲಿಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ, ನುಂಗಿದರೆ ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ.

ಮನೆಯಲ್ಲಿ ಉಳಿಸಿದ ದುಡ್ಡನ್ನು ಚಕ್ರಕ್ಕೆ ಹಾಕಿ. ತಂತಿಕಂಬಿಯ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ, ಚಿಕ್ಕ ಚಕ್ರದಲ್ಲಿ ಬೆನ್ನು ಬಾಗುತ್ತದೆ. ಓಡುವಾಗ ಪಕ್ಕದಿಂದ ನೋಡಿ: ಬೆನ್ನು ನೇರವಾಗಿದ್ದರೆ ಚಕ್ರ ಸರಿ. ಚಕ್ರ, ಮಣ್ಣಿನ ಮಡಕೆ, ಮರಳಿನ ತಟ್ಟೆಯಂತಹ ಭಾರದ ವಸ್ತುಗಳನ್ನು ಹಾಸಿನ ಮೇಲೆ ಹಾಗೆಯೇ ಇಡಬೇಡಿ. ತಳಕ್ಕೆ ಮುಟ್ಟುವ ಕಾಲುಗಳಿರುವ ಚಿಕ್ಕ ಮಣೆಯ ಮೇಲೆ ಇಡಿ. ಅಡಿಯಲ್ಲಿ ಸುರಂಗ ತೋಡಿದಾಗ ಅವು ಕುಸಿದು ಪ್ರಾಣಿಯ ಮೇಲೆಯೇ ಬೀಳುತ್ತವೆ.

ಯಾರಿಗೆ ಯಾವುದು?

ಬಾಡಿಗೆ ಮನೆಯಲ್ಲಿದ್ದು ಆಗಾಗ ಜಾಗ ಬದಲಿಸುವವರು ಗಾಜನ್ನು ಬಿಡಿ. ಇರುವುದರಲ್ಲಿ ದೊಡ್ಡದಾದ ಪ್ಲಾಸ್ಟಿಕ್ ಡಬ್ಬ ನಿಮಗೆ ಸರಿ, ಅಥವಾ ಬಿಚ್ಚಿ ಜೋಡಿಸುವ ಪಂಜರಕ್ಕೆ ಅಕ್ರಿಲಿಕ್ ಒಳಗೋಡೆ. ಕೋಣೆ ಬೇಸಿಗೆಯಲ್ಲಿ ಕಾಯುವುದಾದರೆ ನನ್ನ ಮೊದಲ ಆಯ್ಕೆ ಮರ, ಎರಡನೆಯದು ಒಳಗೋಡೆಯ ಪಂಜರ. ಗಾಜೇ ಇದ್ದರೆ ಮೈ ಚಾಚಿ ಮಲಗಲು ಒಂದು ತಣ್ಣನೆಯ ಸೆರಾಮಿಕ್ ಹಲಗೆ ಒಳಗಿಡಿ, ಬಿಸಿಲಿನ ಗೋಡೆಯಿಂದ ದೂರ ಸರಿಸಿ. ಒಂದೇ ಕಡೆ ನೆಲೆಯಾಗಿರುವವರು, ನೋಡುವ ಆಸೆಯಿರುವವರು ಗಾಜಿಗೆ ಹೋಗಬಹುದು. ಅದರ ಸುಖ ಬೇರೆಯದರಲ್ಲಿ ಇಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇರೆ ಯೋಚನೆ ಬೇಕು. ಮೇಲಿನಿಂದ ಮಗುವಿನ ಕೈ ಥಟ್ಟನೆ ಇಳಿಯುವ, ತೊಟ್ಟಿಯ ಅಂಚಿಗೆ ಮಗು ಜೋತುಬೀಳುವ ಸಂಭವವಿರುವ ಕಡೆ ಗಾಜು ಸುರಕ್ಷಿತವಲ್ಲ. ಚಿಲಕವಿರುವ ಎದುರುಬಾಗಿಲಿನ ಮರದ ಮನೆ, ಮಗುವಿನ ಎದೆಯ ಎತ್ತರದಲ್ಲಿ. ಮಗು ಕುಳಿತು ನೋಡಲಿ, ಹಗಲಲ್ಲಿ ಮಲಗಿದ್ದನ್ನು ಎಬ್ಬಿಸದಿರಲಿ. ಎಬ್ಬಿಸಿದ ಹ್ಯಾಮ್‌ಸ್ಟರ್ ಕಚ್ಚುತ್ತದೆ, ಕಚ್ಚಿದ ಮೇಲೆ ಮಗು ಅದನ್ನು ಕೈಬಿಡುತ್ತದೆ, ಬಿದ್ದು ಪೆಟ್ಟಾಗುವುದು ಪ್ರಾಣಿಗೆ.

ವಯಸ್ಸಾದ ಹ್ಯಾಮ್‌ಸ್ಟರ್‌ಗೆ ಮನೆ ಹುಡುಕುತ್ತಿದ್ದರೆ ಆಳಕ್ಕಿಂತ ಸಮನೆಲ ನೋಡಿ. ಅದರ ಆಯಸ್ಸು ಎರಡರಿಂದ ಮೂರು ವರ್ಷ. ಎರಡು ತುಂಬುವ ಹೊತ್ತಿಗೆ ಹಿಂಗಾಲಿನ ಬಲ ಕುಗ್ಗುತ್ತದೆ, ಇಳಿಜಾರು ಹತ್ತುವುದು ಕಷ್ಟವಾಗುತ್ತದೆ. ಹೊನ್ನನಿಗೆ ಕೊನೆಯ ಮೂರು ತಿಂಗಳು ಹಾಸನ್ನು ತಗ್ಗಿಸಿ, ನೀರನ್ನು ಬಾಟಲಿಯ ಜೊತೆಗೆ ತಟ್ಟೆಯಲ್ಲೂ ಇಟ್ಟಿದ್ದೆ.

ದುಡ್ಡು ಕೂಡಿಬರುವವರೆಗೆ ಏನು ಮಾಡಬೇಕೆಂದರೆ, ಪ್ರಾಣಿ ಇನ್ನೂ ಬಂದಿಲ್ಲವಾದರೆ ಕಾಯಿರಿ. ಬಂದಾಗಿದ್ದರೆ ಈ ವಾರವೇ ಡಬ್ಬ ಮಾಡಿ, ಮುಂದೆ ದೊಡ್ಡದಕ್ಕೆ ಹೋಗಿ. ಡಬ್ಬ ವ್ಯರ್ಥವಾಗುವುದಿಲ್ಲ: ಮನೆ ತೊಳೆಯುವ ದಿನ ಅದೇ ತಂಗುದಾಣ, ಕಾಯಿಲೆಯಾದರೆ ಅದೇ ಆಸ್ಪತ್ರೆ.

ಹೊಸ ಮನೆಗೆ ಸೇರಿಸುವ ದಿನ ಹಳೆಯ ಹಾಸಿನಿಂದ ಎರಡು ಬೊಗಸೆ, ಗೂಡಿನ ಕಾಗದ ಸಮೇತ, ಹೊಸದರ ಆಳದ ಬದಿಗೆ ಹಾಕಿ. ಹಾಸಿನಲ್ಲಿ ಎರಡು ಬೆರಳಿನಿಂದ ಓರೆಯಾಗಿ ಒಂದು ತೂತು ಮಾಡಿ, ಅದರ ಬಾಯಿಗೆ ಚಿಕ್ಕ ಮರದ ಮನೆಯನ್ನು ಹೊಂದಿಸಿ ಇಡಿ. ಕಾಳನ್ನು ಬಟ್ಟಲಲ್ಲಿಡದೆ ಎಲ್ಲ ಕಡೆ ಚೆಲ್ಲಿ. ದೀಪ ಆರಿಸಿ. ಮೊದಲ ರಾತ್ರಿ ಅದು ಅಂಚು ಹಿಡಿದು ಸುತ್ತುಸುತ್ತು ಓಡುತ್ತದೆ, ಹೆದರಬೇಡಿ, ಎತ್ತಿಕೊಳ್ಳಲೂ ಹೋಗಬೇಡಿ. ಮೂರು ನಾಲ್ಕು ದಿನದಲ್ಲಿ ಒಂದು ಬೆಳಿಗ್ಗೆ ಚೆಲ್ಲಿದ ಕಾಳು ಎಲ್ಲಿಯೂ ಕಾಣುವುದಿಲ್ಲ, ನೀವು ಮಾಡಿದ ತೂತಿನ ಬಾಯಿ ಒಳಗಿನಿಂದ ಕಾಗದದ ಚೂರಿನಿಂದ ಮುಚ್ಚಿರುತ್ತದೆ. ಅದನ್ನು ತೆಗೆದು ನೋಡಬೇಡಿ, ಒಳಗೆ ಮಲಗಿದೆ.